ರೀಲ್ ಕ್ಯಾಮೆರಾ

ಹೊಸ ಕ್ಯಾಮೆರಾಗಳಲ್ಲಿ, ಮನಸ್ಸಿಲ್ಲದೆ ನಿಂತವರು ಮೂಡುವುದಿಲ್ಲ. ಎಲ್ಲರಿಗೂ ಅದು ರೂಢಿಯಾಗಿದೆ. ನನ್ನ ಸೊಸೆ ಶಕುಂತಲಾ ನಾಳೆಯ ಮದುವೆಗೆ ಲೆನ್ಸು, ಫ್ಲ್ಯಾಶು, ಬ್ಯಾಟರಿಗಳನ್ನು ಬ್ಯಾಗಿಗೆ ಜೋಡಿಸುತ್ತಿದ್ದಾಗ ಮದುಮಗಳು ದಾಕ್ಷಾಯಣಿ ಫೋನು ಮಾಡಿದಳು. ಕೈ ಬಿಡುವಿಲ್ಲದೆ ಶಕುಂತಲಾ ಸ್ಪೀಕರ್ ಹಾಕಿದಳು.

“ಅಕ್ಕಾರ, ನಿಮ್ಮ ಮಾವನೋರ ಹಳೇ ರೀಲ್ ಕ್ಯಾಮೆರಾ ತರ್ರಿ. ಅದರಾಗ ಎಲ್ಲಾರೂ ಬರ್ತಾರಂತಲ್ಲ.”

“ಯಾಕವ್ವಾ, ಹೊಸಾದು ಬ್ಯಾಡೇನ?”

“ನಮ್ಮಕ್ಕನ ಆಲ್ಬಮ್‌ನ್ಯಾಗ ಬರೇ ಸೀರಿ, ಬಾಸಿಂಗ ಬಂದಾವ್ರಿ. ಅಕ್ಕಿಕಾಳು ಖಾಲಿ ಸೆರಗಿನ ಮ್ಯಾಲ ಬಿದ್ದಾವು. ಅವ್ವ ಅದನ್ನ ತಗದಾಗೊಮ್ಮೆ ಅಳತಾಳ. ನಂದರ ನೋಡುವಂಗ ಇರಲಿ.”

ಶಕುಂತಲಾ ಬ್ಯಾಗಿನ ಜಿಪ್ ಹಿಡಿದು ಕೂತಳು. “ನಿನಗ ಮನಸಿಲ್ಲಂತ ಅಪ್ಪಾರಿಗೆ ಹೇಳಬಾರದೇನ?”

“ಹೇಳೀನ್ರಿ. ಹಂಗಾದ್ರ ರೀಲ್ ಕ್ಯಾಮೆರಾದವರನ್ನ ಕರಸು ಅಂದ್ರು.”