ಹದಿನಾಲ್ಕನೆಯ ಅಂಟು

ಪ್ರಯೋಗಾಲಯದ ವರದಿಯನ್ನು ಅವಳು ಮೇಜಿನ ಮೇಲೆ ತಳ್ಳಿದಳು. ಎದುರಿಗೆ ಕೂತಿದ್ದ ಮೂಗಣ್ಣ ಕನ್ನಡಕ ಏರಿಸಿಕೊಂಡು ಓದಿದ. ಇನ್ನೊಮ್ಮೆ ಓದಿದ.

"ಶೇಕಡಾ ಇಪ್ಪತ್ತೆರಡು ಥಿನ್ನರ್," ಎಂದಳು ಅವಳು. "ಒಂದು ಹನಿನೂ ಇರಲ್ಲ ಅಂತ ಹೇಳಿದ್ದು ನೀವೇ."

ಮೂಗಣ್ಣ ಶೂ ಕಾರ್ಖಾನೆಗೆ ಅಂಟು ಪೂರೈಸುವವನು. ಮುಚ್ಚಳ ತೆಗೆದು ಮೂಸಿದರೆ ಸಾಕು, ಒಳಗೆ ಏನೇನಿದೆಯೆಂದು ಹೇಳಿಬಿಡುತ್ತಿದ್ದ. ಅದಕ್ಕೇ ಅಲ್ಲಿನ ಹೆಂಗಸರು ಆ ಹೆಸರಿಟ್ಟಿದ್ದರು. ಅವಳು ಆ ಕಾರ್ಖಾನೆಯ ಖರೀದಿ ವಿಭಾಗದ ಮುಖ್ಯಸ್ಥೆ. ಅವಳ ಅಕ್ಕ ಅಲ್ಲೇ ಹದಿನೈದು ವರ್ಷಗಳಿಂದ ಶೂಗಳಿಗೆ ಅಟ್ಟೆ ಅಂಟಿಸುತ್ತಿದ್ದಳು. ತಂಗಿಯನ್ನು ಓದಿಸಿದ್ದು ಅಕ್ಕನ ಆ ಬೆರಳುಗಳೇ. ಅವು ಈಗ ಮರಗಟ್ಟಿದ್ದವು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ರವಿಕೆಯ ಹುಕ್ಕು ಹಾಕಲು ಮಗಳನ್ನು ಕರೆಯಬೇಕಿತ್ತು. ನರಗಳನ್ನು ತಿನ್ನುತ್ತಿರುವುದು ಬೇಗ ಒಣಗಲೆಂದು ಅಂಟಿಗೆ ಬೆರೆಸುವ ಥಿನ್ನರ್, ಅದು ನಿಂತರೆ ಕೈ ಉಳಿದೀತು ಎಂದಿದ್ದರು ಡಾಕ್ಟರು.

ಅಂದಿನಿಂದ ಅವಳಿಗೆ ಒಂದೇ ಹಟ. ಥಿನ್ನರ್ ಇಲ್ಲದ ಅಂಟು ಬೇಕು. ಎಷ್ಟೋ ಪೂರೈಕೆದಾರರ ಬಾಗಿಲು ತಟ್ಟಿದಳು. ಅಂಟಿನಲ್ಲಿ ಏನೇನಿದೆ ಎಂದು ಕೇಳಿದರೆ ಅವರು ಮನೆಯ ಒಡವೆಯನ್ನೇ ಕೇಳಿದಂತೆ ಮುಖ ಮಾಡುತ್ತಿದ್ದರು. ಪಟ್ಟಿ ಬಿಚ್ಚಿ ಮುಂದಿಟ್ಟವನು ಮೂಗಣ್ಣ ಒಬ್ಬನೇ. ಇಬ್ಬರೂ ಸೇರಿ ಎರಡು ವರ್ಷ ಒದ್ದಾಡಿದರು. ಪರೀಕ್ಷೆಗಳೆಲ್ಲ ನಡೆದದ್ದು ಅಕ್ಕನ ಮೇಜಿನ ಮೇಲೆ. ಹದಿಮೂರು ಸಲ ಸೋತರು. ಒತ್ತುಯಂತ್ರಕ್ಕೆ ಹೋಗುವ ಹೊತ್ತಿಗೆ ಅಂಟು ಒಣಗಿರುತ್ತಿರಲಿಲ್ಲ, ಅಟ್ಟೆ ಕಿತ್ತು ಬರುತ್ತಿತ್ತು. ಇನ್ನೊಂದೇ ಅವಕಾಶ, ಆಮೇಲೆ ಈ ಹುಚ್ಚಾಟ ಸಾಕು ಎಂದರು ಮಾಲೀಕರು.

ಹದಿನಾಲ್ಕನೆಯದು ಸರಿಯಾದ ಹೊತ್ತಿಗೆ ಒಣಗಿತು. ದಿನದ ಲೆಕ್ಕದಲ್ಲಿ ಒಂದು ಜೋಡಿಯೂ ಕಡಿಮೆಯಾಗಲಿಲ್ಲ. ಮಾಲೀಕರು ಎಲ್ಲರೆದುರು ಅವಳ ಬೆನ್ನು ತಟ್ಟಿದರು. ಅಂಟಿಸುವ ಕೋಣೆಗೆ ಕಾಲಿಟ್ಟಾಗ ಮಾತ್ರ ಹಳೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಷ್ಟು ವರ್ಷ ಗೋಡೆಗೆ ಹತ್ತಿದ್ದು ಅಷ್ಟು ಬೇಗ ಹೋದೀತೇ ಎಂದುಕೊಂಡಳು.

ಆರು ತಿಂಗಳಾಯಿತು. ಹೋದ ವಾರ ಅಕ್ಕನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಜೋಮು ಮಣಿಕಟ್ಟು ದಾಟಿತ್ತು. ಮಾರನೆಯ ದಿನ ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಅವಳು ಅಂಟಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದಳು.

ಮೂಗಣ್ಣ ಮೇಜಿನ ಮೇಲಿದ್ದ ಮಾದರಿಯ ಶೀಶೆ ತೆರೆದು ಮೂಸಿದ. "ಇದನ್ನ ಎಲ್ಲಿಂದ ತೆಗೆದ್ರಮ್ಮ?"

"ಕೆಲಸದ ಮೇಜಿಂದ, ಹೆಂಗಸರು ಬ್ರಷ್ ಅದ್ದೋ ಬಟ್ಟಲಿಂದ. ನಿಮ್ಮ ಡ್ರಮ್ಮಲ್ಲಿ ಏನಿದ್ರೆ ನನಗೇನು? ಕೈಗೆ ಹತ್ತೋದು ಬಟ್ಟಲಲ್ಲಿರೋದೇ."

ಅವನು ಬಾಯಿ ತೆರೆದ. ಕಚೇರಿಯ ಗಾಜಿನ ಆಚೆ ತಲೆ ತಗ್ಗಿಸಿ ಕೂತಿದ್ದ ಹೆಂಗಸರ ಸಾಲನ್ನು ನೋಡಿದ. ಶೀಶೆಯ ಮುಚ್ಚಳ ಹಾಕಿದ.

"ಏನಾದ್ರೂ ಹೇಳಿ," ಎಂದಳು. "ನಮ್ಮಕ್ಕನ ಕೈ ಯಾವ ಸ್ಥಿತಿಯಲ್ಲಿದೆ ಅಂತ ನೀವೇ ಕಣ್ಣಾರೆ ನೋಡಿದ್ದೀರಿ. ನಿಮ್ಮನ್ನ ನಂಬಿದ್ದೆ."

"ನನ್ನ ಹೆಸರು ಹೊಡೆದ್ಹಾಕಿ. ಬೇರೆ ಯಾರ ಅಂಟು ತಂದ್ರೂ, ಆ ಬಟ್ಟಲನ್ನ ಮಾತ್ರ ಆಗಾಗ ನೋಡ್ತಿರಿ."

ತಪ್ಪು ಒಪ್ಪಿಕೊಳ್ಳುವಾಗಲೂ ಉಪದೇಶ. ಅವಳಿಗೆ ಮೈಯೆಲ್ಲ ಉರಿಯಿತು. ನಂಬಿಸಿ ಕತ್ತು ಕೊಯ್ದವನು ಮೆಟ್ಟಿಲಿಳಿದು ಹೋಗುವುದನ್ನು ನಿಂತು ನೋಡಿದಳು. ಅವನು ಬಾಗಿಲು ದಾಟುವ ಮೊದಲೇ ಪೂರೈಕೆದಾರರ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದಳು. ಎಳೆಯುವಾಗ ಕಣ್ಣಲ್ಲಿ ನೀರು ಬಂತು. ತಂದೆಯಿಲ್ಲದ ಅವಳಿಗೆ ಆ ಮನುಷ್ಯ ಈ ಎರಡೂವರೆ ವರ್ಷಗಳಲ್ಲಿ ಏನಾಗಿದ್ದನೆಂದು ಅವಳಿಗೇ ಆಗ ತಿಳಿದದ್ದು.

ನೇರ ಅಕ್ಕನ ಮೇಜಿಗೆ ಹೋದಳು. "ನಿನ್ನ ಕೈ ಯಾಕೆ ವಾಸಿ ಆಗಿಲ್ಲ ಅಂತ ಗೊತ್ತಾಯ್ತಕ್ಕ. ಆ ಮೂಗಣ್ಣ ನಮ್ಮ ಕಣ್ಣಿಗೆ ಮಣ್ಣೆರಚಿದ. ಅಂಟಲ್ಲಿ ಥಿನ್ನರ್ ಇತ್ತು. ಈಗಷ್ಟೇ ಹೊರಗೆ ಹಾಕಿದೆ."

ಅಕ್ಕನ ಕೈಯಲ್ಲಿದ್ದ ಬ್ರಷ್ ನಿಂತಿತು. ಅಕ್ಕಪಕ್ಕದ ಮೇಜುಗಳವರ ಬ್ರಷ್‌ಗಳೂ ನಿಂತವು.

"ಅವರು ಏನೂ ಹೇಳಲಿಲ್ವಾ?"

"ಏನು ಹೇಳ್ತಾನೆ? ಬಾಯಿಮುಚ್ಕೊಂಡು ಹೋದ."

"ಓಡು," ಎಂದಳು ಅಕ್ಕ. "ಗೇಟು ದಾಟಿರಲ್ಲ. ಕಾಲಿಗೆ ಬಿದ್ದಾದ್ರೂ ವಾಪಸ್ ಕರ್ಕೊಂಡು ಬಾ."

ಅವಳು ಅಲುಗಲಿಲ್ಲ. ಅಕ್ಕ ಬಗ್ಗಿ, ಮೇಜಿನ ಕೆಳಗೆ ಚಿಂದಿಬಟ್ಟೆಯ ಹಿಂದಿನಿಂದ ಒಂದು ತಗಡಿನ ಡಬ್ಬಿ ಎಳೆದಳು. ಬಣ್ಣದ ಅಂಗಡಿಯಲ್ಲಿ ಸಿಗುವ ಥಿನ್ನರ್ ಡಬ್ಬಿ. ಅರ್ಧ ಖಾಲಿಯಾಗಿತ್ತು.

"ನೀನಾ?" ಎಂದಳು ಅವಳು. "ನಿನ್ನ ಕೈಗೋಸ್ಕರ ಅಕ್ಕ ನಾನು... ಯಾವಾಗಿಂದ?"

"ಪ್ರತಿ ಸಲ ಸೋತಾಗ್ಲೂ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನನಗೆ ಕೇಳ್ತಿರಲಿಲ್ಲ ಅಂದ್ಕೊಂಡ್ಯಾ?" ಅಕ್ಕ ಮರಗಟ್ಟಿದ ಬೆರಳುಗಳಿಂದ ತಂಗಿಯ ಕೈ ಹಿಡಿಯಲು ನೋಡಿದಳು. ಹಿಡಿತ ಸಿಗಲಿಲ್ಲ.

"ಹದಿನಾಲ್ಕನೇ ಸಲ ಒಣಗಿದ್ದು ನಿಮ್ಮಿಬ್ಬರ ಅಂಟಲ್ಲ, ಪುಟ್ಟಿ."