ತೂಕದ ಕೋಣೆಯ ಪಾಸ್‌ವರ್ಡ್

“ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೀರಿ?” ಸುನೀಲಕುಮಾರ ಮೂರನೇ ಸಲ ಕೇಳಿದ.

“ನನ್ನ ಹತ್ರ ಅದು ಇಲ್ರೀ. ಇಲ್ಲದ್ದು ಯಾರಿಗಿ ಕೊಡ್ಲಿ?” ಎಂದಳು ರೇಣಮ್ಮ.

ಎಂಥ ಭಂಡತನ! ಶಹಾಪುರದ ಈ ಹತ್ತಿ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಲಾರಿ ತೂಗುವವಳು ಅವಳೇ. ಹೋದ ವಾರ ರಂಗಂಪೇಟೆಯ ಲಾರಿಯೊಂದಕ್ಕೆ ಎರಡು ಕ್ವಿಂಟಲ್ ಸುಳ್ಳು ತೂಕ ಏರಿತ್ತು, ಅವಳ ಹೆಸರಿನ ಲಾಗಿನ್‌ನಲ್ಲೇ. ಆಗ ಊಟಕ್ಕೆ ಹೋಗಿದ್ದಳಂತೆ. ಕಳ್ಳರಿಗೆಲ್ಲ ಸರಿಯಾಗಿ ಅದೇ ಹೊತ್ತಿಗೆ ಹಸಿವಾಗುತ್ತದೆ.

ಕಂಪ್ಯೂಟರ್ ಎಂಜಿನಿಯರ್ ಸುನೀಲಕುಮಾರ ಯಾದಗಿರಿಯಿಂದ ಬಂದದ್ದು ಬೇರೆ ಕೆಲಸಕ್ಕೆ. ಹಾಜರಿ, ದಾಸ್ತಾನು, ತೂಕ, ಎಲ್ಲವೂ ಒಂದೇ ಲಾಗಿನ್‌ಗೆ ತೆರೆಯಬೇಕಿತ್ತು. ಉಳಿದವು ಒಂದೇ ದಿನದಲ್ಲಿ ಮುಗಿದವು. ತೂಕದ ಪ್ರೋಗ್ರಾಂ ಮಾತ್ರ ಓಬೀರಾಯನ ಕಾಲದ್ದು: ಕಪ್ಪು ಪರದೆ, ಹಸಿರು ಅಕ್ಷರ, ಇಂಟರ್ನೆಟ್ಟಿನ ಗಂಧಗಾಳಿಯೂ ಇಲ್ಲ. ಅದಕ್ಕೆ ಅವನೊಂದು ದಲ್ಲಾಳಿ ಪ್ರೋಗ್ರಾಂ ಬರೆದ. ನೌಕರರು ಹೊಸ ಲಾಗಿನ್ ಮಾಡಿದರೆ ಸಾಕು, ಹಳೆಯ ಹೆಸರು, ಪಾಸ್‌ವರ್ಡ್‌ಗಳನ್ನು ದಲ್ಲಾಳಿಯೇ ತುಂಬುತ್ತದೆ.

ಆದರೆ ಹಳೆಯ ಪಾಸ್‌ವರ್ಡ್ ಬೇಕಲ್ಲ. ರೇಣಮ್ಮ ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದೇ ಬೆರಳಲ್ಲಿ ಹೊಡೆಯುವುದನ್ನು ಅವನು ಹಿಂದೆ ನಿಂತು ನೋಡಿದ್ದ. ಪಾಸ್‌ವರ್ಡ್ ಜಾಗದಲ್ಲಿ ನಿನ್ನೆ ಆರು ಚುಕ್ಕೆ, ಇಂದು ಹತ್ತು. ಹೆದರಿ ದಿನಾ ಬದಲಿಸುತ್ತಿದ್ದಾಳೆ, ಕಳ್ಳಿ! ಗೋಡೆಯ ಮೇಲೆ ತಿಂಥಣಿ ಮೌನೇಶ್ವರನ ಪಟವಿತ್ತು. ಅವನು ‘ಮೌನೇಶ್ವರ’ ಎಂದು ಹೊಡೆದ. ಮೊದಲ ಏಟಿಗೇ ತೆರೆಯಿತು. ಇವರ ಬುದ್ಧಿ ಇಷ್ಟೇ ಎಂದು ಅವನಿಗೆ ನಗು ಬಂತು.

ಮಿಲ್ಲಿನ ಮಾಲೀಕ ಅಯ್ಯಣ್ಣ ಬಂದ ಕೂಡಲೇ ಸುನೀಲಕುಮಾರ ತೀರ್ಪು ಕೊಟ್ಟ. “ಇವರ ಪಾಸ್‌ವರ್ಡ್ ಮೌನೇಶ್ವರ. ಗೊತ್ತಿದ್ದದ್ದು ಇವರೊಬ್ಬರಿಗೇ. ಉಂಡ ಮನೆಗೆ ಎರಡು ಬಗೆದವರೂ ಇವರೇ.”

ಅಯ್ಯಣ್ಣನ ಮುಖ ಕಪ್ಪಿಟ್ಟಿತು. “ನಾಳಿಂದ ಬರಬ್ಯಾಡ, ರೇಣಮ್ಮ.”

ರೇಣಮ್ಮನ ಕಣ್ಣು ತುಂಬಿದವು. ಆದರೆ ಅವಳು ಎದ್ದು ಹೋಗಲಿಲ್ಲ.

“ಮೌನೇಶ್ವರ? ಆ ಪಟ ನೀವು ಹಾಕಿಸಿದ್ರಿ, ಸಾವ್ಕಾರ್ರೆ. ನಾ ಆ ಹೆಸರ ಒಂದಿನಾನೂ ಹೊಡದಿಲ್ಲ. ಸೋಮವಾರ ಮಲ್ಲಯ್ಯ, ಮಂಗಳವಾರ ಎಲ್ಲಮ್ಮ, ಆ ದಿನದ ದೇವರ ಹೆಸರು ಬರೀತೇನಿ. ಮೊದಲ ಇಲ್ಲಿದ್ದ ಪರಮಣ್ಣ ಕಾಕಾ ಹಂಗ ಕಲಿಸ್ಯಾನ. ಹಾಳಿ ಮ್ಯಾಲ ‘ಶ್ರೀ’ ಬರದಂಗ, ಕೆಲಸಾ ಸುರು ಮಾಡೋಮುಂದ ದೇವರ ಹೆಸರು ಬರಿಯೋ ಜಾಗಾ ಅಲ್ಲೇನ್ರಿ ಅದು?”

ಸುನೀಲಕುಮಾರ ಪರದೆಯತ್ತ ತಿರುಗಿದ.

ಅಯ್ಯಣ್ಣ ಕೀಬೋರ್ಡ್ ಎಳೆದುಕೊಂಡ. ರೇಣಮ್ಮನ ಹೆಸರಿನ ಕೆಳಗಿನ ಪಾಸ್‌ವರ್ಡ್ ಜಾಗದಲ್ಲಿ, ಎಂಜಿನಿಯರನ ಮುಖವನ್ನೇ ನೋಡುತ್ತ, ‘ಸುನೀಲಕುಮಾರ’ ಎಂದು ಹೊಡೆದ.

ತೆರೆಯಿತು.