ಮುಟ್ಟಿದ ಕಾಯಿ

ಸುಕನ್ಯಾ ತಟ್ಟುತ್ತಿದ್ದ ಜೋಳದ ರೊಟ್ಟಿ ಅರ್ಧಕ್ಕೇ ನಿಂತಿತು. ವಯಸ್ಸಿನ ಮಿತಿಯಿಲ್ಲದ ಚೆಸ್ ಟೂರ್ನಿಯ ಕೊನೆಯ ಸುತ್ತಿನ ಪಟ್ಟಿ ಮೊಬೈಲಿಗೆ ಬಂದಿತ್ತು. ಹನ್ನೊಂದರ ಮಗಳು ಸುಷ್ಮಿತಾ ಓದಿ ಹೇಳಿದಳು: ಒಂದನೇ ಬೋರ್ಡು, ತನಗೆ ಬಿಳಿ ಕಾಯಿ, ಎದುರಿಗೆ ಕಂಪ್ಲಿಯ ವೀರೇಶ.

ಆ ಹೆಸರಿಗಾಗಿ ಸುಕನ್ಯಾ ಹದಿನೈದು ವರ್ಷ ಕಾದಿದ್ದಳು. ಸಂಡೂರಿನ ಟೂರ್ನಿಯಲ್ಲಿ, ಇನ್ನೇನು ಗೆದ್ದಳು ಎನ್ನುವಾಗ, ಈಕೆ ಕುದುರೆ ಮುಟ್ಟಿದಳೆಂದು ದೂರಿದವನು ಅವನು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ. ಮುಟ್ಟಿಲ್ಲವೆಂದು ಅವಳು ಎಷ್ಟು ಹೇಳಿದರೂ ತೀರ್ಪುಗಾರರು ಅವನನ್ನೇ ನಂಬಿದರು. ಸೋತಳು. ಮತ್ತೆಂದೂ ಟೂರ್ನಿ ಆಡಲಿಲ್ಲ. ಮಗಳಿಗೆ ಐದು ತುಂಬುತ್ತಲೇ ಆಟ ಕಲಿಸತೊಡಗಿದಳು. ಜೊತೆಗೆ ಅವನ ಹೆಸರನ್ನೂ. ಚಿತ್ತವಾಡ್ಗಿಯ ಆ ಎರಡು ಕೋಣೆಯ ಮನೆಯಲ್ಲಿ ವೀರೇಶನೆಂದರೆ ಸುಳ್ಳುಗಾರ.

“ಅವತ್ತು ನಾ ಆಡಿದ ಓಪನಿಂಗೇ ಆಡು,” ಎಂದಳು. “ಅದರಾಗೇ ಸೋಲಬೇಕು ಅವ.”

ರಾಜನ ಮುಂದಿನ ಕಾಲಾಳು ಎರಡು ಮನೆ. ಅವನೂ ಹಾಗೇ ಬಂದರೆ ಪಕ್ಕದ ಕಾಲಾಳನ್ನು ತುತ್ತಾಗಿ ಒಡ್ಡುವುದು. ತಿಂದರೆ ರಾಜನ ಮೇಲೆ ನುಗ್ಗುವುದು. ಒಲೆಯ ಪಕ್ಕದಲ್ಲೇ ಇನ್ನೊಮ್ಮೆ ಆಡಿ ನೋಡಿದರು. ಸುಕನ್ಯಾಳ ಹಿಟ್ಟಿನ ಬೆರಳು ಕಪ್ಪು ಕುದುರೆಗೆ ಬಿಳಿ ಗುರುತು ಅಂಟಿಸಿತು, ಆದರೆ ಅವಳು ನಡೆಸಿದ್ದು ಆನೆಯನ್ನು. ಮನೆಯಾಟ, ಸುಷ್ಮಿತಾ ಆ ಗುರುತು ನೋಡಿ ತನ್ನ ಮುಂದಿನ ನಡೆ ಆಡಿದಳು.

ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ ಆಟ. ಒಳಗೆ ಪಾಲಕರಿಗೆ ಪ್ರವೇಶವಿಲ್ಲ. ಸುಕನ್ಯಾ ಮೆಟ್ಟಿಲ ಮೇಲೆ ಎರಡೂವರೆ ತಾಸು ಕೂತಳು. ಅವನು ಸೋತು, ತಲೆ ತಗ್ಗಿಸಿ, ತನ್ನ ಮುಂದೆಯೇ ಇಳಿದುಹೋಗಬೇಕು. ಬೇರೇನೂ ಬೇಡವಾಗಿತ್ತು.

ವೀರೇಶ ಇಳಿದು ಬಂದ. ಕೂದಲು ನರೆತಿತ್ತು. ಅವಳನ್ನು ಕಂಡು ನಿಂತ.

“ಮಗಳು ಮಸ್ತ್ ಆಡ್ತಾಳ್ರಿ,” ಎಂದು ಹೊರಟುಹೋದ. ತಲೆ ತಗ್ಗಿಸಿರಲಿಲ್ಲ.

ಹಿಂದೆಯೇ ಸುಷ್ಮಿತಾ ಬಂದಳು. ಗೆದ್ದಿದ್ದಳು. ಸುಕನ್ಯಾ ಬಾಚಿ ತಬ್ಬಿಕೊಂಡು, ಸುಳ್ಳುಗಾರನಿಗೆ ತಕ್ಕ ಶಾಸ್ತಿಯಾಯಿತು ಅಂದಳು. ತೋಳೊಳಗೆ ಹುಡುಗಿ ಬಿಗಿದುಕೊಂಡೇ ನಿಂತಿದ್ದಳು.

ಆಟ ಸಮಸಮವಾಗಿತ್ತಂತೆ. ತಾನು ತಲೆ ಬಗ್ಗಿಸಿ ನಡೆಯನ್ನು ಹಾಳೆಯಲ್ಲಿ ಬರೆಯುತ್ತಿದ್ದಳಂತೆ. ತೀರ್ಪುಗಾರರು ದೂರದ ಇನ್ನೊಂದು ಬೋರ್ಡಿನ ಹತ್ತಿರ ಇದ್ದರಂತೆ.

“ಯಾರೂ ನೋಡಿರ್ಲಿಲ್ಲವ್ವ. ನಾನೂ ನೋಡಿರ್ಲಿಲ್ಲ. ‘ಮಂತ್ರಿ ಮುಟ್ಟಿಬಿಟ್ಟೆ ನೋಡವ್ವ’ ಅಂತ ಅವರೇ ಹೇಳಿ, ಅದನ್ನೇ ನಡಿಸಿದ್ರು. ಅದಕ್ಕೇ ಸೋತ್ರು.”

ಸುಕನ್ಯಾ ಸೆರಗಿನಿಂದ ಮಗಳ ಮುಖದ ಬೆವರು ಒರೆಸಲು ಹೋದಳು. ಸುಷ್ಮಿತಾ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

“ಅವ್ವ, ಅವತ್ತು ಸಂಡೂರಾಗ ನೀ ಮುಟ್ಟಿದ್ದಿ, ಅಲ್ಲೇನು?”